ಹಿನ್ನೀರಿಗೆ ಡೇರೆ ಬಂತು, ಲೈಫ್ ಜಾಕೆಟ್ ಯಾವಾಗ?

ಶನಿವಾರ ಮಧ್ಯಾಹ್ನ ಹಿರಿಯೂರು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಒಂದು ಹೊಸ ಬಗೆಯ ಪ್ರಯಾಣಿಕರು ಕಣ್ಣಿಗೆ ಬೀಳುತ್ತಾರೆ. ಬೆನ್ನಿಗೆ ದಪ್ಪನೆ ಚೀಲ, ಕಂಕುಳಲ್ಲಿ ಸುತ್ತಿಟ್ಟ ಡೇರೆ, ಕೈಯಲ್ಲಿ ಗಾಳದ ಕೋಲು. ಹುಡುಗರು ನಾಲ್ಕೈದು ಜನ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬ್ರೆಡ್ಡು, ಮೊಟ್ಟೆ, ಮಂಡಕ್ಕಿ, ಬೆಂಕಿಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ. ಕಂಡಕ್ಟರು "ಎಲ್ಲಿಗ್ರಪ್ಪಾ ದಂಡಯಾತ್ರೆ?" ಅಂದರೆ "ಮಾರಿಕಣಿವೆ ಹಿನ್ನೀರಿಗೆ ಅಣ್ಣಾ, ರಾತ್ರಿ ಅಲ್ಲೇ" ಅನ್ನುತ್ತಾರೆ. ಅಂಗಡಿಯವನಿಗೆ ವ್ಯಾಪಾರ, ಬಸ್ಸಿಗೆ ಟಿಕೆಟ್, ಹುಡುಗರಿಗೆ ಖುಷಿ. ಇದರಲ್ಲಿ ತಪ್ಪು ಹುಡುಕುವುದು ಯಾರಿಗೂ ಬೇಕಿಲ್ಲ.

ಆದರೆ ಆ ಚೀಲದೊಳಗೆ ಏನೆಲ್ಲಾ ಇದ್ದರೂ ಒಂದು ಮಾತ್ರ ಇರುವುದಿಲ್ಲ. ನೀರಿಗೆ ಬಿದ್ದರೆ ತೇಲಿಸುವ ವಸ್ತು.

ಸಮುದ್ರದ ಸೀಮೆಯವರಿಗೆ ಅಳಿವೆ ಇದೆ, ದ್ವೀಪ ಇದೆ, ಮರಳ ದಂಡೆಯಲ್ಲಿ ಡೇರೆ ಹೊಡೆದು ಮೀನು ಸುಡುವ ಸುಖ ಇದೆ. ಬಯಲುಸೀಮೆಯವರಿಗೆ ಏನಿದೆ? ಎಂಟು ತಿಂಗಳು ಒಣಗಿದ ಹಳ್ಳ, ಹೂಳು ತುಂಬಿದ ಕೆರೆ. ಹೊಳಲ್ಕೆರೆಯ ಹುಡುಗ ಈಜು ಕಲಿಯುವುದು ಅಡಿಕೆ ತೋಟದ ಬಾವಿಯಲ್ಲಿ, ದುರ್ಗದ ಹುಡುಗ ಕಲಿತರೆ ಪುಣ್ಯ. ಅಂಥ ಜಿಲ್ಲೆಗೆ ದೇವರು, ಮತ್ತು ಮೈಸೂರಿನ ಮಹಾರಾಣಿಯವರು, ಕೊಟ್ಟ ಒಂದೇ ಒಂದು ಸಮುದ್ರ ಎಂದರೆ ವಾಣಿವಿಲಾಸ ಸಾಗರ. ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು ಕಡೂರು, ಹೊಸದುರ್ಗ ದಾಟಿ ಬರುವ ವೇದಾವತಿಯನ್ನು ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ತಡೆದು ನಿಲ್ಲಿಸಿದ್ದು. 1898ರಲ್ಲಿ ಕೆಲಸ ಹಿಡಿದರು, 1907ರಲ್ಲಿ ಮುಗಿಸಿದರು. ಆಗ ಮಗನ ಪರವಾಗಿ ರಾಜ್ಯ ನಡೆಸುತ್ತಿದ್ದ ಕೆಂಪನಂಜಮ್ಮಣ್ಣಿಯವರ ಬಿರುದು ವಾಣಿವಿಲಾಸ ಸನ್ನಿಧಾನ. ಆ ಹೆಸರೇ ನೀರಿಗೆ ಬಂತು. ಜನ ಮಾತ್ರ ಕಣಿವೆ ಮಾರಮ್ಮನನ್ನು ಬಿಡದೆ ಇವತ್ತಿಗೂ ಮಾರಿಕಣಿವೆ ಅನ್ನುತ್ತಾರೆ.

ಕಟ್ಟೆಯ ಮೇಲೆ ನಿಂತು ಫೋಟೋ ಹೊಡೆಸಿಕೊಂಡು ಬರುವವರು ನೋಡುವುದು ಈ ನೀರಿನ ಮುಖ ಮಾತ್ರ. ನಿಜವಾದ ನೀರು ಹಿಂದಕ್ಕೆ ಚಾಚಿಕೊಂಡಿದೆ. ಗುಡ್ಡದ ಬುಡಗಳಿಗೆ ನುಗ್ಗಿ, ಹಳ್ಳಗಳ ಬಾಯಿಗೆ ಏರಿ, ಹೊಸದುರ್ಗ ತಾಲ್ಲೂಕಿನ ತೋಟಗಳವರೆಗೆ ಹೋಗಿದೆ. ಒಂದೊಂದು ಹಳ್ಳದ ಬಾಯಿಯೂ ಒಂದೊಂದು ಪುಟ್ಟ ಕೊಲ್ಲಿ. ರಸ್ತೆ ಇಲ್ಲ, ದೀಪ ಇಲ್ಲ, ಮೊಬೈಲಿಗೆ ಸಿಗ್ನಲ್ ಸಿಕ್ಕರೆ ಅದೃಷ್ಟ. ಹುಡುಗರನ್ನು ಎಳೆಯುವುದು ಅದೇ. ಮುಳುಗಿದವನ ಕೂಗು ಯಾರಿಗೂ ಕೇಳದಂತೆ ಮಾಡುವುದೂ ಅದೇ.

ಗೊತ್ತಿದ್ದ ನೆಲ, ಗೊತ್ತಿಲ್ಲದ ನೀರು

ಜಿಲ್ಲೆಯ ಜನಕ್ಕೆ ಈ ನೀರು ಹೊಸದು ಎಂದರೆ ಹಿರಿಯರು ನಗಬಹುದು. ನೂರು ವರ್ಷ ದಾಟಿದ ಕಟ್ಟೆ ಹೊಸದು ಹೇಗಾದೀತು? ಲೆಕ್ಕ ನೋಡಿ. ಜಲಾಶಯ ತುಂಬುವ ಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿಗೆ ಮೇಲೆ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಅಜ್ಜ ನೋಡಿದ ಕೋಡಿಯನ್ನು ಅಪ್ಪ ನೋಡಲಿಲ್ಲ, ಮೊಮ್ಮಗ ನೋಡಿದ. 2025ರಲ್ಲಿ ಮತ್ತೆ ಕೋಡಿ. ಮಳೆ ಕೈಹಿಡಿದದ್ದು ಒಂದು ಕಾರಣ. 2019ರಿಂದ ಭದ್ರಾ ಮೇಲ್ದಂಡೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಬೀಳತೊಡಗಿದ್ದು ಇನ್ನೊಂದು.

ಇದಕ್ಕೆ ಮುಂಚೆ, 2017ರ ಸುಮಾರಿಗೆ, ಇದೇ ಜಲಾಶಯ ಡೆಡ್ ಸ್ಟೋರೇಜಿಗೆ ಇಳಿದು ಊರುಗಳಿಗೆ ಕುಡಿಯಲು ಕೊಡುವುದೇ ಕಷ್ಟ ಎನ್ನುವ ಗತಿಗೆ ಬಂದಿತ್ತು. ಆ ಬರದ ವರ್ಷಗಳಲ್ಲಿ ಹಿನ್ನೀರಿನ ಅಂಗಳ ಬರೀ ನೆಲ. ಕುರಿ ಮೇಯಿಸಿದರು, ಹುಡುಗರು ಕ್ರಿಕೆಟ್ ಆಡಿದರು, ಜಾಲಿ ಬೆಳೆದು ಕಾಡಾಯಿತು. ಇವತ್ತು ಆ ಜಾಲಿ ನೀರಿನ ಅಡಿಯಲ್ಲಿ ಹಾಗೇ ನಿಂತಿದೆ. ಹಳೇ ಬಾವಿಗಳೂ ಅಲ್ಲೇ ಇವೆ, ಬೇಲಿಯ ತಂತಿಯೂ ಅಲ್ಲೇ, ಮರಳು ತೆಗೆದ ಗುಂಡಿಗಳೂ ಅಲ್ಲೇ. ಮೇಲೆ ನೋಡಿದರೆ ಕನ್ನಡಿಯಂಥ ನೀರು. "ಇಲ್ಲಿ ನಮ್ಮ ಕುರಿ ನಿಲ್ತಿದ್ವು, ಮೊಣಕಾಲುದ್ದ ಅಷ್ಟೇಯ" ಎಂದು ಇಳಿದವನು ಎರಡನೇ ಹೆಜ್ಜೆಗೆ ಬಾವಿಯ ಬಾಯಿಗೆ ಕಾಲಿಟ್ಟರೆ ಕೇಳುವವರು ಯಾರು?

ಬಾವಿಯಲ್ಲಿ ಈಜುವುದೇ ಬೇರೆ, ಹಿನ್ನೀರಲ್ಲಿ ಈಜುವುದೇ ಬೇರೆ. ಬಾವಿಯಲ್ಲಿ ನಾಲ್ಕು ಕೈ ಬೀಸಿದರೆ ಕಲ್ಲು ಕೈಗೆ ಸಿಗುತ್ತದೆ. ಹಿನ್ನೀರಲ್ಲಿ ಆಚೆ ದಡ ಹತ್ತಿರ ಕಂಡರೂ ಹತ್ತಿರ ಇರುವುದಿಲ್ಲ. ಬುಡದಲ್ಲಿ ಹೂಳು, ನಿಂತರೆ ಕಾಲು ಕಚ್ಚುತ್ತದೆ. ಮೀನುಗಾರರ ನೈಲಾನ್ ಬಲೆಗೆ ಕಾಲು ಸಿಕ್ಕರೆ ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ಈಜು ಬಾರದವನು ದಡದಲ್ಲೇ ಕೂರುತ್ತಾನೆ. ಸಾಯುವವನು ಬಹಳ ಸಲ ಈಜು ಬಲ್ಲೆ ಎನ್ನುವವನೇ.

ಇನ್ನು ಗಾಳಿ. ಈ ಜಿಲ್ಲೆಯ ಗುಡ್ಡಗಳ ನೆತ್ತಿಯ ಮೇಲೆ ಸಾಲು ಸಾಲು ಗಾಳಿಯಂತ್ರ ಏಕೆ ನೆಟ್ಟಿದ್ದಾರೆ ಎಂದು ಹಿನ್ನೀರಿಗೆ ಹೋಗುವ ಹುಡುಗರು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಕಂಪನಿಯವರು ಕೋಟಿಗಟ್ಟಲೆ ಸುರಿದದ್ದು ಚೆಂದಕ್ಕಲ್ಲ. ಜೂನ್ ತಿಂಗಳಿಂದ ನೈರುತ್ಯದ ಗಾಳಿ ಗುಡ್ಡದ ಸಂದಿಗಳಲ್ಲಿ ನುಗ್ಗುತ್ತದೆ. ಬೆಳಗ್ಗೆ ಎಣ್ಣೆ ಸುರಿದಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಅಲೆ ಹೊಡೆಯುತ್ತದೆ. ಇದು ಹರಿಗೋಲಿನವರಿಗೆ ಗೊತ್ತು. ಬೆಳಕು ಹರಿಯುವ ಮೊದಲೇ ಬಲೆ ಎತ್ತಿ ಗಾಳಿ ಏಳುವ ಹೊತ್ತಿಗೆ ದಡ ಸೇರುತ್ತಾರೆ. ಪೇಟೆಯ ಹುಡುಗರು ಎದ್ದು, ತಿಂಡಿ ಬೇಯಿಸಿ ತಿಂದು, ಹರಿಗೋಲು ಹತ್ತುವುದು ಸರಿಯಾಗಿ ಗಾಳಿ ಏಳುವ ಹೊತ್ತಿಗೇ.

ಹರಿಗೋಲೆಂದರೆ ಆಟದ ಸಾಮಾನಲ್ಲ. ಬಿದಿರ ಹೆಣಿಗೆ, ಮೇಲೆ ಹಿಂದೆ ಚರ್ಮ, ಈಗ ಟಾರು ಬಳಿದ ಪ್ಲಾಸ್ಟಿಕ್ ಚೀಲ. ಅಲ್ಲಲ್ಲಿ ಫೈಬರಿನದೂ ಬಂದಿದೆ. ಗುಂಡಗಿನ ಬುಟ್ಟಿ, ಅದಕ್ಕೆ ಮೂಗಿಲ್ಲ, ಬಾಲವಿಲ್ಲ. ದೋಣಿಯನ್ನು ಹುಟ್ಟು ಹಾಕಿ ಮುಂದಕ್ಕೆ ತಳ್ಳಬಹುದು, ಹರಿಗೋಲನ್ನು ಮುಂದಿನ ನೀರು ತನ್ನ ಕಡೆಗೆ ಎಳೆದುಕೊಂಡು ಒಯ್ಯಬೇಕು. ಗೊತ್ತಿಲ್ಲದವನ ಕೈಗೆ ಹುಟ್ಟು ಕೊಟ್ಟರೆ ಅದು ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ, ಗಾಳಿ ಬಂದ ಕಡೆ ತೇಲುತ್ತದೆ. ಕೂತವರು ಕೂತಂತೆ ಇದ್ದರೆ ಮುಗುಚುವುದು ಸುಲಭವಲ್ಲ. ಫೋಟೋ ತೆಗೆಯಲು ಒಬ್ಬ ಎದ್ದು ನಿಂತು, ಅವನನ್ನು ನೋಡಲು ಮೂವರು ಒಂದೇ ಮಗ್ಗುಲಿಗೆ ವಾಲಿದರೆ ಮುಗುಚುತ್ತದೆ.

ಗಾಳದ ಹಿಂದೆ

ಗಾಳ ಹಾಕುವವರ ಕತೆ ಸ್ವಲ್ಪ ಬೇರೆ. ಅವರಲ್ಲಿ ಬಹಳ ಜನ ಸಮಾಧಾನಿಗಳು. ಎರೆಹುಳುವೋ ರಾಗಿ ಹಿಟ್ಟಿನ ಉಂಡೆಯೋ ಸಿಕ್ಕಿಸಿ ಬಂಡೆಯ ಮೇಲೆ ಕೂತರೆ ಸಂಜೆವರೆಗೂ ಏಳುವುದಿಲ್ಲ. ಸಿಕ್ಕಿದರೆ ಗೆಂಡೆ, ಜಿಲೇಬಿ. ಇಲ್ಲದಿದ್ದರೆ ಹೆಂಡತಿಯ ಬೈಗುಳ. ಇಂಥವರಿಂದ ಯಾರಿಗೂ ನಷ್ಟವಿಲ್ಲ.

ಆದರೂ ಒಂದು ಮಾತು. ಈ ನೀರಿನ ಕಟ್ಲಾ, ರೋಹು ತಾವಾಗಿ ಹುಟ್ಟಿ ಬೆಳೆದವಲ್ಲ. ಆ ಜಾತಿಗಳು ನಿಂತ ನೀರಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿವ ಹೊಳೆ ಬೇಕು. ಅದಕ್ಕೇ ಮರಿಗಳನ್ನು ತಂದು ಬಿಡುತ್ತಾರೆ. ಅದಕ್ಕೆ ಖರ್ಚಿದೆ, ಹಿಡಿಯುವುದಕ್ಕೆ ಪರವಾನಗಿ ಇದೆ, ಆ ಪರವಾನಗಿಯ ಹಿಂದೆ ಬೆಸ್ತರ ಸಂಸಾರಗಳಿವೆ. ಒಂದು ಗಾಳ ಹಾಕಿದರೆ ಯಾರೂ ಕೇಳುವುದಿಲ್ಲ. ರಾತ್ರಿ ಇನ್ನೊಬ್ಬರ ಬಲೆ ಎತ್ತಿ ಮೀನು ಬಿಡಿಸಿಕೊಂಡು ಸುಟ್ಟು ತಿನ್ನುವುದಕ್ಕೆ ಮಾತ್ರ ಕ್ಯಾಂಪಿಂಗ್ ಎನ್ನುವುದಿಲ್ಲ, ಕಳ್ಳತನ ಎನ್ನುತ್ತಾರೆ. ಮಳೆಗಾಲದಲ್ಲಿ ಮೊಟ್ಟೆ ತುಂಬಿಕೊಂಡು ಹೊಸ ನೀರಿಗೆ ಎದುರೇರುವ ಮೀನನ್ನು ಹಳ್ಳದ ಬಾಯಲ್ಲಿ ಕಾದು ಹೊಡೆಯುವ ಶೂರರೂ ಇದ್ದಾರೆ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದಂತೂ ರಾಜ್ಯದ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರಕಾರ ಶಿಕ್ಷೆಯ ಕೆಲಸ.

ಡೇರೆಯವರು ಇನ್ನೊಂದು ಮರೆಯುತ್ತಾರೆ. ಅವರು ಬಾಟಲಿ ಎಸೆಯುವ ನೀರು ಹಿರಿಯೂರಿನ, ಚಿತ್ರದುರ್ಗದ ನಲ್ಲಿಗಳಿಗೆ ಬರುವ ನೀರು. ಶನಿವಾರ ರಾತ್ರಿ ದಡದಲ್ಲಿ ಮಾಡಿದ್ದೆಲ್ಲ ಸೋಮವಾರ ಮನೆಯ ಕೊಡಕ್ಕೆ ಬರುತ್ತದೆ ಎಂದು ಯೋಚಿಸಿದರೆ ಅರ್ಧ ಜನ ಗುಡ್ಡದ ಕಡೆ ಮುಖ ಮಾಡಿಯಾರು. ಆ ಗುಡ್ಡವಾದರೂ ಖಾಲಿಯಿಲ್ಲ. ಮೀಸಲು ಅರಣ್ಯ, ಅಪ್ಪಣೆಯಿಲ್ಲದೆ ಒಲೆ ಹೂಡುವಂತಿಲ್ಲ. ಚಿರತೆ ಇದೆ, ಕರಡಿ ಇದೆ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ.

ಐದು ಇಲಾಖೆ, ಒಂದು ಬೋರ್ಡು

ಸರಿ ಸ್ವಾಮಿ, ಇದಕ್ಕೆಲ್ಲ ಜವಾಬ್ದಾರರು ಯಾರು? ಕೇಳಿದರೆ ಉತ್ತರ ಬಲು ಸೊಗಸು. ನೀರು ನೀರಾವರಿಯವರದು. ನೀರೊಳಗಿನ ಮೀನು ಮೀನುಗಾರಿಕೆಯವರದು. ದಡದ ಗುಡ್ಡ ಅರಣ್ಯದವರದು. ನೋಡಲು ಬರುವ ಜನ ಪ್ರವಾಸೋದ್ಯಮದವರು. ಹೆಣ ಪೊಲೀಸರದು. ನೀರಿನ ಮೇಲೆ ತೇಲುವ ಹರಿಗೋಲು, ಅದರೊಳಗೆ ಕೂತ ಜೀವಂತ ಮನುಷ್ಯ, ಇವೆರಡು ಯಾರ ಪಟ್ಟಿಯಲ್ಲೂ ಇಲ್ಲ. ಎಲ್ಲಿಯಾದರೂ ಒಂದು ಸಾವಾದರೆ "ಇಲ್ಲಿ ನೀರಿಗೆ ಇಳಿಯಬೇಡಿ" ಎಂದು ಒಂದು ಬೋರ್ಡು ನೆಡುವುದು ಸರ್ಕಾರಿ ಸಂಪ್ರದಾಯ. ಮುಂದಿನ ಮಳೆಗೆ ಆ ಬೋರ್ಡೂ ಮುಳುಗುತ್ತದೆ.

ಕಾಯ್ದೆ ಇಲ್ಲವೆನ್ನುವಂತೆಯೂ ಇಲ್ಲ. 1917ರಷ್ಟು ಹಳೆಯ ಕಾಯ್ದೆಯನ್ನು ತೆಗೆದು 2021ರಲ್ಲಿ ಸಂಸತ್ತು ಒಳನಾಡು ದೋಣಿಗಳಿಗೆ ಹೊಸ ಕಾಯ್ದೆ ಮಾಡಿದೆ. ಇಂಜಿನ್ ಇಲ್ಲದ ದೋಣಿಗಳ ವಿಷಯವೂ ಅದರಲ್ಲಿ ಬಂದಿದೆ. ಸ್ಥಳೀಯ ಸಂಸ್ಥೆಗಳ ಮೂಲಕ ಅವನ್ನು ನೋಂದಾಯಿಸಿ ಸುರಕ್ಷತೆ ನೋಡಿಕೊಳ್ಳಲು ದಾರಿ ಇದೆ. ಅಂದರೆ ದಿಲ್ಲಿಯಲ್ಲಿ ಕೂತವರಿಗೂ ಹರಿಗೋಲಿನ ನೆನಪಾಗಿದೆ. ದಡದಲ್ಲೇ ಕೂತವರಿಗೆ ಆಗಬೇಕಷ್ಟೆ.

ಕಾಯ್ದೆ ಪುಸ್ತಕದಲ್ಲೇ ಉಳಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಗುಚಿ 16 ಜನ ಸತ್ತರು. ಕಡಲ ಮಡಿಲಲ್ಲಿ ಹುಟ್ಟಿ ಬೆಳೆದವರ ಊರು ಅದು. 2024ರ ಜನವರಿ 18ರಂದು ಗುಜರಾತಿನ ವಡೋದರಾದಲ್ಲಿ ಹರಣಿ ಕೆರೆಗೆ ಶಾಲೆಯ ಪ್ರವಾಸ ಬಂದಿತ್ತು. ದೋಣಿಗೆ ಮೀರಿ ಮಕ್ಕಳನ್ನು ತುಂಬಿದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. 12 ಮಕ್ಕಳು, ಇಬ್ಬರು ಟೀಚರುಗಳು ಹೋದರು. ಅದು ಊರ ನಡುವಿನ ಕೆರೆ. ಸುತ್ತಲೂ ಜನ, ದೀಪ, ರಸ್ತೆ, ಆಸ್ಪತ್ರೆ ಎಲ್ಲ ಇತ್ತು. ಮಾರಿಕಣಿವೆಯ ಹಿಂದಿನ ಹಳ್ಳದ ಬಾಯಲ್ಲಿ ಏನಿದೆ?

ಹಾಗಾದರೆ ಪೂರ್ತಿ ನಿಷೇಧ ಮಾಡಿಬಿಡಲಿ ಎನ್ನುವವರು ಇದ್ದಾರೆ. ಅಷ್ಟಗಲದ ನೀರಿಗೆ ಬೇಲಿ ಹಾಕಲು ಆಗುತ್ತದೆಯೇ? ನಿಷೇಧ ಎಂದರೆ ಹುಡುಗರು ಹೋಗುವುದು ನಿಲ್ಲುವುದಿಲ್ಲ, ಹೇಳಿ ಹೋಗುವುದು ನಿಲ್ಲುತ್ತದೆ. ಕದ್ದು ಹೋದವನು ಮುಳುಗಿದರೆ ಸಂಗಡಿಗರು ಹೆದರಿ ಮೊದಲ ಎರಡು ಗಂಟೆ ಬಾಯೇ ಬಿಡುವುದಿಲ್ಲ.

ಮಲೆನಾಡಿನ ಕಡೆ ನೋಡಿ. ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ ಶರಾವತಿಯ ಹಿನ್ನೀರಿದೆ, ಲಿಂಗನಮಕ್ಕಿಯದು. ವರ್ಷಗಳಿಂದ ಅಲ್ಲಿ ಜನ ಡೇರೆ ಹೂಡುತ್ತಾರೆ, ಹರಿಗೋಲು ನಡೆಸುತ್ತಾರೆ, ಕಯಾಕ್ ಹೊಡೆಯುತ್ತಾರೆ. ಕಲಿಸುವವರಿದ್ದಾರೆ, ಜಾಕೆಟ್ ಹಾಕದೆ ನೀರಿಗೆ ಬಿಡುವುದಿಲ್ಲ. ಅಲ್ಲಿಗೆ ಬೆಂಗಳೂರಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಹೋಗಬೇಕು. ಹಿರಿಯೂರು ಹೆದ್ದಾರಿಯ ಮೇಲೇ ಇದೆ, ಬೆಂಗಳೂರಿಂದ ಮೂರು ಗಂಟೆ ಸಾಕು. ಪುಣೆ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ಕಾರುಗಳು ಈ ಊರನ್ನು ಬಳಸಿಕೊಂಡು ಹೋಗುತ್ತವೆ. ನಿಲ್ಲುವುದು ಪೆಟ್ರೋಲಿಗೆ ಮಾತ್ರ. ಸಕ್ಕರೆ ಕಾರ್ಖಾನೆ ಮುಚ್ಚಿದ ಊರಿನ ಅಂಗಡಿ ಬೀದಿಗೆ ಶನಿವಾರದ ನಾಲ್ಕು ಗಿರಾಕಿ ಬಂದರೆ ಬೇಡವೆನ್ನುವವರು ಯಾರು? ಆ ಗಿರಾಕಿ ಭಾನುವಾರ ಸಂಜೆ ಜೀವಂತ ಹಿಂತಿರುಗಬೇಕು, ಅಷ್ಟೇ.

ತೋಟ ಕಳೆದುಕೊಂಡವರಿಗೆ ಮೊದಲ ಹಕ್ಕು

ಈ ಮಾತಿನಲ್ಲಿ ಹೊಸದುರ್ಗದ ಕಡೆಯವರನ್ನು ಮರೆಯುವಂತಿಲ್ಲ. ಕೋಡಿ ಬಿದ್ದ ದಿನ ಹಿರಿಯೂರಿನಲ್ಲಿ ಪಟಾಕಿ, ಬಾಗಿನ, ಹೋಳಿಗೆ ಊಟ. ಅದೇ ದಿನ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ತೆಂಗು ಅಡಿಕೆಯ ಬುಡಕ್ಕೆ ನೀರು ನಿಂತು ಕಣ್ಣೀರು. ಕೋಡಿಯ ಎತ್ತರ ತಗ್ಗಿಸಿ ಎನ್ನುವುದು ಅವರ ಕೂಗು, ಒಂದು ಇಂಚೂ ತಗ್ಗಿಸಕೂಡದು ಎನ್ನುವುದು ಇವರ ಹಠ. ಇಬ್ಬರಿಗೂ ಅವರವರ ನ್ಯಾಯ ಇದೆ, ಆ ಜಗಳ ಇಲ್ಲಿ ತೀರುವುದಲ್ಲ. ಆದರೆ ಯಾವ ನೀರು ತೋಟ ನುಂಗಿತೋ ಆ ನೀರಿನ ಮೇಲೆ ನಾಲ್ಕು ಕಾಸು ಹುಟ್ಟುವುದಾದರೆ ಅದು ಮೊದಲು ಸೇರಬೇಕಾದ್ದು ಅದೇ ದಡದ ಮನೆಗಳಿಗೆ ಮತ್ತು ಹರಿಗೋಲಿನ ಬೆಸ್ತರಿಗೆ. ಬೆಂಗಳೂರಿನ ಯಾವನೋ ಟೆಂಡರುದಾರ ಬಂದು ರೆಸಾರ್ಟು ಕಟ್ಟಿ, ದಡಕ್ಕೆ ಗೇಟು ಹಾಕಿ, ಊರವರ ದನಕ್ಕೂ ನೀರಿಗೆ ದಾರಿ ಬಿಡದಂತಾದರೆ ಅದು ಎರಡನೇ ಮುಳುಗಡೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಹಿರಿಯೂರು ಕಡೆ ಒಂದು, ಹೊಸದುರ್ಗದ ಕಡೆ ಒಂದು, ಎರಡೇ ಜಾಗ ಗುರುತಿಸಲಿ. ಬುಡದಲ್ಲಿ ಬಾವಿ, ಜಾಲಿ ಇಲ್ಲದ ಜಾಗ ಯಾವುದೆಂದು ಅಲ್ಲಿನ ಕುರಿಗಾಹಿಗಳನ್ನು ಕೇಳಿದರೆ ಹೇಳುತ್ತಾರೆ, ಇಂಜಿನಿಯರ ನಕ್ಷೆಗಿಂತ ಅವರ ನೆನಪು ಗಟ್ಟಿ. ಹರಿಗೋಲುಗಳಿಗೆ ನಂಬರು ಬರೆಸಲಿ, ಎಷ್ಟು ಜನ ಕೂರಬಹುದು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಸಲಿ. ಮೀನುಗಾರರ ಸಂಘಕ್ಕೆ ಜಾಕೆಟ್ ಕೊಡಿಸಿ ಬಾಡಿಗೆ ತೆಗೆದುಕೊಳ್ಳಲು ಬಿಡಲಿ. ಪಂಚಾಯ್ತಿಯಲ್ಲಿ ಒಂದು ಪುಸ್ತಕ ಇಡಲಿ: ಯಾರು ಬಂದರು, ಎಷ್ಟು ಜನ, ಮನೆಯ ಫೋನ್ ನಂಬರು, ಯಾವಾಗ ವಾಪಸ್ಸು. ಗಾಳಿ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಬಿಟ್ಟು ಹರಿಗೋಲು ಇಳಿಸುವುದು ಬೇಡ, ಕತ್ತಲಾದ ಮೇಲೆ ಯಾವ ತಿಂಗಳಲ್ಲೂ ಬೇಡ. ಕುಡಿದವನಿಗೆ ಹುಟ್ಟೂ ಇಲ್ಲ, ಸೀಟೂ ಇಲ್ಲ. ಇದಕ್ಕೆ ಕ್ಯಾಬಿನೆಟ್ ತೀರ್ಮಾನ ಬೇಕೇ? ಜಿಲ್ಲಾಧಿಕಾರಿಗಳು ಐದೂ ಇಲಾಖೆಯವರನ್ನು ಒಂದು ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕೂರಿಸಿದರೆ ಕಾಫಿ ಆರುವುದರೊಳಗೆ ಮುಗಿಯುವ ಕೆಲಸ.

ಇಲಾಖೆಯವರು ಏಳುವವರೆಗೆ ಹುಡುಗರ ಕೈಲಿ ಏನೂ ಇಲ್ಲವೆಂದಲ್ಲ. ನೀರಲ್ಲಿ ಮನುಷ್ಯನ ತೂಕವನ್ನು ಬಹುಪಾಲು ನೀರೇ ಹೊರುತ್ತದೆ, ತಲೆ ಮೇಲಿಡಲು ಏಳೆಂಟು ಕೆ.ಜಿ. ಎತ್ತುವ ತೇಲು ಸಾಕು. ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹತ್ತು ಹದಿನೈದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ ಇಪ್ಪತ್ತು ಮೊಳ ಹಗ್ಗ ಕಟ್ಟಿದರೆ ಒಬ್ಬನ ಜೀವ ಉಳಿಯುವಷ್ಟು ತೇಲುತ್ತದೆ. ಜಾಕೆಟ್ಟಿಗೆ ಅದು ಸಮವಲ್ಲ, ಏನೂ ಇಲ್ಲದ್ದಕ್ಕಿಂತ ಸಾವಿರ ಪಾಲು ಮೇಲು. ಮುಳುಗುವವನನ್ನು ಹಿಡಿಯಲು ಇನ್ನೊಬ್ಬ ಹಾರಬಾರದು. ಅವನು ಕುತ್ತಿಗೆ ತಬ್ಬಿದರೆ ಇಬ್ಬರೂ ಹೋಗುತ್ತಾರೆ. ಕ್ಯಾನು ಎಸೆಯಿರಿ, ಪಂಚೆ ಎಸೆಯಿರಿ, ಕೋಲು ಚಾಚಿ. ಎತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳೇ ಕಾಲದ ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಜೊತೆಗೇ ಒಬ್ಬ ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿ 108ಕ್ಕೆ ಹೇಳಬೇಕು. ಯಾವ ದಿಬ್ಬದಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಡೇರೆ ಹೂಡುವ ಮೊದಲೇ ನೋಡಿಟ್ಟುಕೊಂಡಿರಬೇಕು.

ಬಸ್ ನಿಲ್ದಾಣದ ಎದುರಿನ ಅಂಗಡಿಯವರೂ ಒಂದು ಕೆಲಸ ಮಾಡಬಹುದು. ಡೇರೆ ಹೊತ್ತ ಹುಡುಗರು ಬ್ರೆಡ್ಡು ಮೊಟ್ಟೆ ಕೇಳಿದಾಗ ಒಂದು ಖಾಲಿ ಕ್ಯಾನು, ಒಂದು ಸುತ್ತು ನೈಲಾನ್ ಹಗ್ಗ ಮುಂದಿಟ್ಟು "ಇದನ್ನೂ ಒಯ್ಯಪ್ಪಾ, ನಾಳೆ ಸಂಜೆ ಬಸ್ಸಿಗೆ ಬರುವಾಗ ಕ್ಯಾನು ವಾಪಸ್ ಕೊಟ್ಟು ಹೋಗು" ಅಂದರೆ ಸಾಕು. ಭಾನುವಾರ ಸಂಜೆ ಕ್ಯಾನು ಬರದಿದ್ದರೆ, ಹುಡುಗರು ಬಂದಿಲ್ಲ ಎಂಬುದಾದರೂ ಒಬ್ಬರಿಗೆ ಗೊತ್ತಾಗುತ್ತದೆ.